ಪ್ರಸಾದ ಒಲ್ಲೆನೆಂದರೆ ದೋಷವೇ?



ತೈತ್ತಿರೀಯೋಪನಿಷತ್ತು ‘ಅನ್ನ’ ಎಂಬ ಶಬ್ದಕ್ಕೆ ಅಪೂರ್ವವಾದ ನಿರ್ವಚನವೊಂದನ್ನು ಹೇಳಿದೆ. ಪ್ರಾಣಿಗಳು ಅದನ್ನು ತಿನ್ನುವುದರಿಂದ ಅದಕ್ಕೆ ಅನ್ನವೆಂದು ಹೆಸರು. ಪ್ರಾಣಿಗಳನ್ನು ಅದೇ ತಿನ್ನುವುದರಿಂದಲೂ ಅನ್ನವೆಂದು ಹೆಸರು. ಮೊದಲನೆಯ ಅರ್ಥವು ಹಸಿದವರೆಲ್ಲರಿಗೂ ತಿಳಿದದ್ದೇ. ಎರಡನೆಯದನ್ನು ನಾವು ಓದಿ ಮುಂದೆ ಸಾಗಿಬಿಡುತ್ತೇವೆ. ಅನ್ನವನ್ನು ಸರ್ವರ ಔಷಧವೆಂದು ಕೊಂಡಾಡಿದ ಉಪನಿಷತ್ತೇ, ಅದು ಉಣ್ಣುವವನನ್ನು ಉಣ್ಣಲೂ ಬಲ್ಲದೆಂದು ಎಚ್ಚರಿಸಿದೆ. ಹಬ್ಬಗಳ ಸಾಲು ಬಾಗಿಲಿಗೆ ಬಂದಿರುವ ಈ ಹೊತ್ತಿನಲ್ಲಿ ಆ ಎರಡನೆಯ ಅರ್ಥವನ್ನು ಸ್ವಲ್ಪ ವಿಚಾರ ಮಾಡೋಣ.

ಕಳೆದ ವರ್ಷ ಶ್ರೀಕೃಷ್ಣಾಷ್ಟಮಿ ಮುಗಿದ ನಾಲ್ಕು ದಿನಗಳಿಗೆ, ದಿವಾದಲ್ಲಿ ವಾಸವಾಗಿರುವ ತಾಯಿಯೊಬ್ಬರು ನಮ್ಮಲ್ಲಿಗೆ ಬಂದಿದ್ದರು. ಠಾಣೆ, ಡೊಂಬಿವಲಿಗಳ ನಡುವಣ ಆ ಜಂಕ್ಷನ್ನನ್ನು ನಮ್ಮ ಓದುಗರಲ್ಲಿ ಅರಿಯದವರಿಲ್ಲ. ಕೊಂಕಣದ ರೈಲುಗಳು ಅಲ್ಲಿಯೇ ಮುಖ್ಯಮಾರ್ಗವನ್ನು ಬಿಟ್ಟು ಪನ್ವೇಲಿನ ಕಡೆಗೆ ಹೊರಳುತ್ತವೆ. ಊರಿನ ರೈಲು ಕಣ್ಣೆದುರೇ ಹಾದುಹೋಗುತ್ತಿದ್ದರೂ ರಜೆಯಿಲ್ಲದೆ, ಒಂದು ಕೋಣೆಯ ಮನೆಯಲ್ಲಿಯೇ ಕೃಷ್ಣನ ತೊಟ್ಟಿಲನ್ನು ಕಟ್ಟಿ ಹಬ್ಬ ಮಾಡುವ ಕುಟುಂಬಗಳು ಅಲ್ಲಿ ಅನೇಕ. ಅಂಥ ಒಂದು ಮನೆಯ ಗೃಹಿಣಿ ಅವರು. ಅವರ ಏಳು ವರ್ಷದ ಮಗನಿಗೆ ಶೇಂಗಾ ಆಗದು. ತಿಂದರೆ ಮೈಯೆಲ್ಲ ಗಂಧೆಗಳೇಳುತ್ತವೆ, ಉಬ್ಬಸ ಬರುತ್ತದೆ. ಶೇಂಗಾದ ಒಂದು ಚೂರನ್ನೂ ಕೊಡಕೂಡದೆಂದು ವೈದ್ಯರು ಸ್ಪಷ್ಟವಾಗಿ ಹೇಳಿದ್ದರು. ಅಷ್ಟಮಿಯ ಪಾರಣೆಯ ದಿನ ಬಂಧುಗಳ ಮನೆಯಲ್ಲಿ ಹಿರಿಯರೊಬ್ಬರು ಮಗುವಿನ ಕೈಗೆ ಉಂಡೆಯನ್ನಿತ್ತರು. ತಾಯಿ ಸಂಕೋಚದಿಂದಲೇ ಬೇಡವೆಂದರು. “ದೇವರ ಪ್ರಸಾದಕ್ಕೆ ಎಲ್ಲಿಯ ಅಲರ್ಜಿಯಮ್ಮಾ! ಒಲ್ಲೆನೆಂದರೆ ದೋಷ ಬಂದೀತು” ಎಂದರು ಹಿರಿಯರು. ಹತ್ತು ಜನರ ನಡುವೆ ತಾಯಿ ಸುಮ್ಮನಾದರು. ಅಂದಿನ ರಾತ್ರಿಯನ್ನು ಅವರು ಕಳೆದದ್ದು ಆಸ್ಪತ್ರೆಯಲ್ಲಿ. ಶ್ರೀಹರಿಯ ದಯದಿಂದ ಮಗು ಉಳಿಯಿತು. “ಆಚಾರ್ಯರೇ, ನಾನು ಒಲ್ಲೆನೆಂದು ಗಟ್ಟಿಯಾಗಿ ಹೇಳಿದ್ದರೆ ದೋಷ ಬರುತ್ತಿತ್ತೇ?” ಎಂದು ಕೇಳುವಾಗ ಅವರ ಕಣ್ಣಲ್ಲಿ ನೀರಿತ್ತು.

ಇಲ್ಲವೆಂದು ನಾವು ಅಂದು ಒಂದೇ ಮಾತಿನಲ್ಲಿ ಹೇಳಿ ಕಳುಹಿಸಿದೆವು. ಆದರೆ ಈ ಪ್ರಶ್ನೆ ಅವರೊಬ್ಬರದಲ್ಲ. ಹಾಲು ಆಗದವರು, ಗೋಧಿ ಆಗದವರು, ಬಣ್ಣದ ಸಿಹಿ ತಿಂದರೆ ಮೈ ತುರಿಸುವವರು ನಮ್ಮ ಮನೆಮನೆಗಳಲ್ಲಿದ್ದಾರೆ. ಹಬ್ಬ ಬಂತೆಂದರೆ ಅವರಿಗೆ ಸಂತೋಷದ ಜೊತೆಗೆ ಅಳುಕೂ ಬರುತ್ತದೆ. ಆದ್ದರಿಂದ ಆ ಒಂದು ಮಾತನ್ನು ಇಲ್ಲಿ ವಿಸ್ತರಿಸುತ್ತಿದ್ದೇವೆ.

ಅವತಾರಪುರುಷರ ಅನುಕರಣೆ ಸಲ್ಲದು

ಪ್ರಸಾದಕ್ಕೆ ಅಲರ್ಜಿ ಇಲ್ಲವೆನ್ನುವವರು ಸಾಮಾನ್ಯವಾಗಿ ಮಹಾತ್ಮರ ಚರಿತ್ರೆಯನ್ನು ಮುಂದಿಡುತ್ತಾರೆ. ಶ್ರೀನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಬರುವ ಕಥೆ ಎಲ್ಲರಿಗೂ ಗೊತ್ತು. ಹಸುಗೂಸಾಗಿದ್ದ ವಾಸುದೇವನು ಅಳುತ್ತಿರಲು, ತಾಯಿಯು ಮನೆಯಲ್ಲಿಲ್ಲದ ಸಮಯದಲ್ಲಿ ಅಕ್ಕನು ದಿಕ್ಕು ತೋಚದೆ ಬೇಯಿಸಿದ ಹುರುಳಿಯನ್ನು ತಿನ್ನಿಸಿದಳು. ಶಿಶುವು ಅದನ್ನು ತಿಂದು ಜೀರ್ಣಿಸಿಕೊಂಡಿತು. ಮುಖ್ಯಪ್ರಾಣದೇವರ ಅವತಾರಕ್ಕೆ ಅದು ಯಾವ ದೊಡ್ಡ ಮಾತು! ಆದರೆ ಆ ಕಥೆಯಲ್ಲಿ ನಾವು ಗಮನಿಸಬೇಕಾದದ್ದು ಇನ್ನೊಂದಿದೆ. ಮನೆಗೆ ಮರಳಿದ ತಾಯಿಯು ವಿಷಯವನ್ನು ತಿಳಿದು ಗಾಬರಿಗೊಂಡಳು. ಅವತಾರಪುರುಷನನ್ನು ಹೆತ್ತ ತಾಯಿಯೇ ಮಗುವಿನ ಹೊಟ್ಟೆಯ ಬಗ್ಗೆ ಹೆದರಿದಳೆಂದ ಮೇಲೆ ನಮ್ಮ ನಿಮ್ಮ ಮನೆಯ ತಾಯಂದಿರು ಹೆದರುವುದು ಅಶ್ರದ್ಧೆ ಹೇಗಾದೀತು? ಅದು ಮಾತೃಧರ್ಮ.

ಮತ್ತೆ ಕೆಲವರು ಪ್ರಹ್ಲಾದರಾಜರನ್ನು ಉದಾಹರಿಸುತ್ತಾರೆ. ಭಕ್ತನಿಗೆ ವಿಷವೂ ಏನನ್ನೂ ಮಾಡಲಿಲ್ಲವಲ್ಲ ಎನ್ನುತ್ತಾರೆ. ನಿಜ. ಆದರೆ ಪ್ರಹ್ಲಾದರಾಜರು ವಿಷವನ್ನು ಬೇಡಿ ಕುಡಿಯಲಿಲ್ಲ. ಶ್ರೀಹರಿಯನ್ನು ಪರೀಕ್ಷಿಸುವ ಬುದ್ಧಿ ಅವರಿಗಿರಲಿಲ್ಲ. ವಿಷವನ್ನು ಕೊಡಿಸಿದವನು ಹಿರಣ್ಯಕಶಿಪು. ಆಗದ ಪದಾರ್ಥವನ್ನು ಒಂದು ಮಗುವಿಗೆ ಬಲವಂತದಿಂದ ತಿನ್ನಿಸುವಾಗ ಆ ಕಥೆಯಲ್ಲಿ ನಾವು ಯಾರ ಸ್ಥಾನದಲ್ಲಿ ನಿಂತಿದ್ದೇವೆಂಬುದನ್ನು ಯೋಚಿಸಬೇಡವೇ?

ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ಅನ್ನವನ್ನು ಪಚನ ಮಾಡುತ್ತೇನೆಂದು ತಿಳಿಸಿದ್ದಾನೆ. ಆದ್ದರಿಂದಲೇ ನಮ್ಮಲ್ಲಿ ಭೋಜನವು ಹೊಟ್ಟೆ ತುಂಬುವ ಕ್ರಿಯೆಯಲ್ಲ, ಅದೊಂದು ಯಜ್ಞ. ಆಪೋಶನ, ಪ್ರಾಣಾಹುತಿಗಳ ಕ್ರಮವಿರುವುದು ಇದೇ ಕಾರಣಕ್ಕೆ. ಹೋಮಕುಂಡದ ಮುಂದೆ ಕುಳಿತ ಋತ್ವಿಜನು ಕೈಗೆ ಸಿಕ್ಕಿದ್ದನ್ನೆಲ್ಲ ಅಗ್ನಿಗೆ ಹಾಕುವುದಿಲ್ಲ. ವಿಹಿತವಾದ ದ್ರವ್ಯವನ್ನು ಮಾತ್ರ ಹಾಕುತ್ತಾನೆ. ಈ ಜಠರದ ಕುಂಡಕ್ಕೆ ಯಾವುದು ವಿಹಿತ, ಯಾವುದು ಅಲ್ಲವೆಂದು ತಿಳಿದು ಆಹುತಿ ಕೊಡುವುದು ವೈಶ್ವಾನರನಿಗೆ ತೋರುವ ಗೌರವವೇ ಹೊರತು ಅನಾದರವಲ್ಲ.

ಬಿಡುವುದನ್ನು ನಮಗೆ ಕಲಿಸಿದ ವ್ರತ

ಹಬ್ಬದ ದಿನ ಒಂದು ಪದಾರ್ಥವನ್ನು ಬಿಡುವುದು ಅಮಂಗಳವೆಂದು ಭಾವಿಸುವವರಿದ್ದಾರೆ. ಮಾಧ್ವರಾದ ನಾವು ಹಾಗೆ ಭಾವಿಸಲು ಸಾಧ್ಯವೇ? ನಮ್ಮ ಹಬ್ಬಗಳ ಕಾಲವೇ ಚಾತುರ್ಮಾಸ್ಯದ ಕಾಲ. ಆಷಾಢ ಶುಕ್ಲ ಏಕಾದಶಿಯ ಶಯನದಿಂದ ಕಾರ್ತಿಕ ಶುಕ್ಲ ದ್ವಾದಶಿಯ ಉತ್ಥಾನದವರೆಗೆ ತಿಂಗಳಿಗೊಂದರಂತೆ ನಾಲ್ಕು ವ್ರತಗಳು. ಮೊದಲನೆಯದು ಶಾಕವ್ರತ, ತರಕಾರಿ, ಸೊಪ್ಪು, ಹಣ್ಣುಗಳು ವರ್ಜ್ಯ. ಎರಡನೆಯದು ದಧಿವ್ರತ, ಮೊಸರಿಲ್ಲ. ಮೂರನೆಯದು ಕ್ಷೀರವ್ರತ, ಹಾಲಿಲ್ಲ. ನಾಲ್ಕನೆಯದು ದ್ವಿದಳವ್ರತ, ಬೇಳೆಕಾಳುಗಳಿಲ್ಲ. ಮಠದಿಂದ ಮಠಕ್ಕೆ, ಮನೆಯಿಂದ ಮನೆಗೆ ಪಟ್ಟಿಯಲ್ಲಿ ಅಲ್ಪಸ್ವಲ್ಪ ಭೇದವಿದ್ದರೂ ಕ್ರಮವು ಇದೇ.

ಈಗ ಹಬ್ಬಗಳನ್ನು ಎಣಿಸಿರಿ. ಚಾಂದ್ರಮಾನದ ಕೃಷ್ಣಾಷ್ಟಮಿಯೂ ಗಣೇಶನ ಚೌತಿಯೂ ಮೊಸರಿಲ್ಲದ ತಿಂಗಳಿನಲ್ಲಿ ಬರುತ್ತವೆ. ನವರಾತ್ರಿ ಬರುವುದು ಹಾಲಿಲ್ಲದ ತಿಂಗಳಿನಲ್ಲಿ. ದೀಪಾವಳಿ ಬರುವುದು ಬೇಳೆಯಿಲ್ಲದ ತಿಂಗಳಿನಲ್ಲಿ. ಗೋಕುಲದ ಬೆಣ್ಣೆಗಳ್ಳನ ಹಬ್ಬದಲ್ಲಿ ಮೊಸರನ್ನು ಬಿಟ್ಟವರು ನಾವು. ನವರಾತ್ರಿಯಲ್ಲಿ ತೆಂಗಿನಕಾಯಿಯ ಹಾಲು ಹಿಂಡಿ ಪಾಯಸ ಮಾಡಿದವರು ನಮ್ಮ ಅಜ್ಜಿಯಂದಿರು. ಕಡಲೆಹಿಟ್ಟಿನ ಹಂಗಿಲ್ಲದೆ ದೀಪಾವಳಿ ಮಾಡಿದ ಮನೆತನಗಳು ನಮ್ಮವು. ಅಂಥ ಎಲೆಯ ಮುಂದೆ ಕುಳಿತು ‘ಇದೇನು ಹಬ್ಬ, ಹಾಲಿನ ಪಾಯಸವಿಲ್ಲ’ ಎಂದು ಯಾರೂ ಗೊಣಗಲಿಲ್ಲ. ದೇವರಿಗೂ ಅದರಿಂದ ಕೊರತೆಯಾಗಲಿಲ್ಲ. ಒಂದು ತಿಂಗಳು ಎಲ್ಲರೂ ಕೂಡಿ ಹಾಲನ್ನು ಬಿಟ್ಟರೆ ವ್ರತವೆಂದು ಗೌರವಿಸುವ ನಾವು, ಒಬ್ಬ ಸೊಸೆಯು ವರ್ಷವಿಡೀ ಹಾಲನ್ನು ಬಿಡಬೇಕಾಗಿ ಬಂದರೆ ಅದನ್ನು ಆಕೆಯ ಸೋಗು ಎನ್ನುವುದು ಯಾವ ನ್ಯಾಯ?

ಇನ್ನೊಂದು ಸ್ವಾರಸ್ಯವನ್ನು ಗಮನಿಸಿರಿ. ಯಾವ ಆಹಾರ ಆಗುತ್ತಿಲ್ಲವೆಂದು ಕಂಡುಹಿಡಿಯಲು ವೈದ್ಯರು ಒಂದು ಕ್ರಮವನ್ನು ಅನುಸರಿಸುತ್ತಾರೆ. ಸಂಶಯವಿರುವ ಒಂದು ವರ್ಗವನ್ನು ಕೆಲವು ವಾರಗಳ ಕಾಲ ಪೂರ್ತಿಯಾಗಿ ಬಿಡಿಸುತ್ತಾರೆ. ಆಮೇಲೆ ಅದೊಂದನ್ನೇ ಮರಳಿ ಕೊಟ್ಟು ದೇಹವು ಏನು ಹೇಳುತ್ತದೆಂದು ನೋಡುತ್ತಾರೆ. ಒಂದೊಂದೇ ವರ್ಗವನ್ನು ಕ್ರಮವಾಗಿ ಬಿಟ್ಟು ಕ್ರಮವಾಗಿ ಮರಳಿ ಪಡೆಯುವ ಶಿಸ್ತು ಚಾತುರ್ಮಾಸ್ಯ ಮಾಡಿದ ಮನೆಗೆ ಹೊಸದಲ್ಲ. ಆದರೆ ತಪ್ಪು ತಿಳಿಯಬಾರದು. ವ್ರತವು ಚಿಕಿತ್ಸೆಗಾಗಿ ಹುಟ್ಟಿದ್ದಲ್ಲ. ಅದರ ಫಲ ಹರಿಪ್ರೀತಿ. ಚಿಕಿತ್ಸೆಗೆ ವೈದ್ಯರೇ ಬೇಕು. ವ್ರತದಿಂದ ಬಂದ ಅಭ್ಯಾಸವು ಚಿಕಿತ್ಸೆಯಲ್ಲಿ ನೆರವಾಗುತ್ತದೆಂದಷ್ಟೇ ನಾವು ಹೇಳುವುದು. ಶೇಂಗಾದಂತಹ ಪದಾರ್ಥದಿಂದ ಒಮ್ಮೆ ಉಸಿರು ಕಟ್ಟಿದವರು ಅದನ್ನು ಮನೆಯಲ್ಲಿ ಮತ್ತೆ ತಿಂದು ಪರೀಕ್ಷಿಸುವ ಸಾಹಸಕ್ಕೆ ಎಂದಿಗೂ ಹೋಗಕೂಡದು.

ಇದೇ ಮಾತಿಗೆ ಇನ್ನೊಂದು ಮುಖವಿದೆ. ಗೋಧಿಯನ್ನು ಬಿಡಲೇಬೇಕಾದ ರೋಗಿಯು ಶಾಕವ್ರತ, ದ್ವಿದಳವ್ರತಗಳನ್ನೂ ಬಿಗಿಯಾಗಿ ಹಿಡಿದರೆ ಎಲೆಯಲ್ಲಿ ಅನ್ನವಲ್ಲದೆ ಹೆಚ್ಚೇನೂ ಉಳಿಯದು. ಬಾಲರು, ವೃದ್ಧರು, ರೋಗಿಗಳ ವಿಷಯದಲ್ಲಿ ಧರ್ಮಶಾಸ್ತ್ರವೇ ಕರುಣೆ ತೋರಿದೆ. ಏಕಾದಶಿಯ ಉಪವಾಸದ ನಿಯಮವನ್ನೂ ಎಂಟು ವರ್ಷ ದಾಟಿದವರಿಂದ ಎಂಬತ್ತು ತುಂಬದವರ ತನಕ ಎಂದು ಮಿತಿಗೊಳಿಸಿದೆ. ಅಂಥವರು ತಮ್ಮ ಗುರುಗಳನ್ನೂ ವೈದ್ಯರನ್ನೂ ಕೇಳಿ, ಶಕ್ತಿಯಿದ್ದಷ್ಟನ್ನು ಆಚರಿಸತಕ್ಕದ್ದು.

ಜೀವಭೇದವನ್ನೊಪ್ಪಿ ಹೊಟ್ಟೆಯ ಭೇದವನ್ನು ಒಪ್ಪದಿರುವುದೇ?

ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳಲ್ಲಿ ಜೀವಜೀವರ ಭೇದವೂ ಇದೆ, ಜಡಜಡಗಳ ಭೇದವೂ ಇದೆ. ಒಬ್ಬ ಜೀವನಂತೆ ಇನ್ನೊಬ್ಬನಿಲ್ಲ. ಒಂದು ಜಡದಂತೆ ಇನ್ನೊಂದಿಲ್ಲ. ತತ್ತ್ವದಲ್ಲಿ ಇದನ್ನು ಸಾರುವ ನಾವು, ಪಂಕ್ತಿಯಲ್ಲಿ ಕುಳಿತ ನೂರು ಜನರ ಹೊಟ್ಟೆಗಳೂ ಒಂದೇ ಎನ್ನುವುದು ಸರಿಯಲ್ಲ. ‘ನಾವೆಲ್ಲ ತಿಂದೆವು, ನಮಗೇನೂ ಆಗಲಿಲ್ಲ’ ಎಂಬ ವಾದವು ನಮ್ಮ ಸಿದ್ಧಾಂತಕ್ಕೇ ಒಗ್ಗುವುದಿಲ್ಲ.

ಆಗದಿರುವುದರಲ್ಲಿಯೂ ಭೇದಗಳಿವೆ. ಮೂರನ್ನು ಬೇರೆಬೇರೆಯಾಗಿ ತಿಳಿದರೆ ಹಬ್ಬದ ಮನೆಯ ಅರ್ಧ ಗೊಂದಲ ಪರಿಹಾರವಾಗುತ್ತದೆ.

ಮೊದಲನೆಯದು ಅಸಹಿಷ್ಣುತೆ. ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆಯಿದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವವು ಸಣ್ಣ ಕರುಳಿನಲ್ಲಿರುತ್ತದೆ. ಬಾಲ್ಯ ಕಳೆದಂತೆ ಅದು ಅನೇಕರಲ್ಲಿ ಕುಗ್ಗುತ್ತದೆ. ಅಂಥವರು ಎರಡು ಲೋಟ ಹಾಲುಪಾಯಸ ಕುಡಿದರೆ ಹೊಟ್ಟೆ ಉಬ್ಬರ, ನುಲಿತ, ಭೇದಿ. ಕಷ್ಟವಾಗುತ್ತದೆ, ಆದರೆ ಪ್ರಾಣಕ್ಕೆ ಅಪಾಯವಿಲ್ಲ. ಇದರಲ್ಲಿ ಪ್ರಮಾಣವೇ ಮುಖ್ಯ. ಒಂದು ಉದ್ಧರಣೆ ಪಂಚಾಮೃತದಿಂದ ಸಾಮಾನ್ಯವಾಗಿ ಏನೂ ಆಗದು. ಹೆಪ್ಪಿನ ಸೂಕ್ಷ್ಮಜೀವಿಗಳು ಲ್ಯಾಕ್ಟೋಸಿನ ಒಂದು ಪಾಲನ್ನು ಮೊದಲೇ ಮುಗಿಸಿರುವುದರಿಂದ ಮೊಸರು, ಮಜ್ಜಿಗೆಗಳು ಇವರಲ್ಲಿ ಅನೇಕರಿಗೆ ಹಿಡಿಸುತ್ತವೆ.

ಎರಡನೆಯದು ಅಲರ್ಜಿ. ಇಲ್ಲಿ ದೇಹದ ರಕ್ಷಣಾವ್ಯವಸ್ಥೆಯೇ ಆಹಾರದ ಪ್ರೋಟೀನನ್ನು ಶತ್ರುವೆಂದು ಭ್ರಮಿಸಿ ಯುದ್ಧಕ್ಕೆ ನಿಲ್ಲುತ್ತದೆ. ಹಾಲು, ಶೇಂಗಾ, ಗೋಡಂಬಿ, ಎಳ್ಳು, ಗೋಧಿ ಯಾವುದರಿಂದಲಾದರೂ ಇದು ಬರಬಹುದು. ಇಲ್ಲಿ ಸ್ವಲ್ಪ, ಬಹಳ ಎಂಬ ಲೆಕ್ಕ ನಡೆಯದು. ಹಾಲಿನ ಅಲರ್ಜಿಯುಳ್ಳ ಮಗುವಿಗೆ ಪಂಚಾಮೃತದ ಒಂದು ಉದ್ಧರಣೆಯೂ ಹೆಚ್ಚೇ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಎಳೆದರೆ, ಮಗು ಮಂಕಾಗಿ ಕುಸಿದರೆ ಮನೆಮದ್ದನ್ನು ಹುಡುಕುತ್ತ ಕೂಡಬಾರದು. ವೈದ್ಯರು ಮೊದಲೇ ಅಡ್ರಿನಲಿನ್ ಚುಚ್ಚುಮದ್ದು ಕೊಟ್ಟಿದ್ದರೆ ಅವರು ತೋರಿಸಿದಂತೆ ಕೂಡಲೇ ಕೊಟ್ಟು, 108ಕ್ಕೆ ಕರೆಮಾಡಿಯೋ ಸಿಕ್ಕಿದ ವಾಹನ ಹಿಡಿದೋ ಆಸ್ಪತ್ರೆಗೆ ಧಾವಿಸಬೇಕು.

ಮೂರನೆಯದು ಸೀಲಿಯಾಕ್ ಎಂಬ ರೋಗ. ಗೋಧಿ, ಬಾರ್ಲಿಗಳಲ್ಲಿರುವ ಗ್ಲುಟೆನ್ ಎಂಬ ಪದಾರ್ಥವು ಇವರ ಕರುಳಿನ ಒಳಪದರವನ್ನೇ ಸವೆಸುತ್ತದೆ. ತಿಂದ ಕೂಡಲೇ ಏನೂ ಕಾಣಿಸದಿರಬಹುದು. ಆದುದರಿಂದಲೇ ನೋಡುವವರಿಗೆ ನಂಬಿಕೆ ಬರುವುದಿಲ್ಲ. ಇವರಿಗೆ ಗೋಧಿವರ್ಜನವು ಒಂದು ತಿಂಗಳಿನ ವ್ರತವಲ್ಲ, ಯಾವಜ್ಜೀವದ ವ್ರತ. ರವೆ, ಮೈದಾ, ಶ್ಯಾವಿಗೆ, ಹೋಳಿಗೆಯ ಕಣಕ, ಚಿರೋಟಿ ಎಲ್ಲವೂ ವರ್ಜ್ಯ. ಹಾಗೆಂದು ಹಬ್ಬ ಬರಿದಾಗಬೇಕಿಲ್ಲ. ಅಕ್ಕಿ, ರಾಗಿ, ಜೋಳ, ನವಣೆ, ರಾಜಗಿರಾ, ಸಾಬೂದಾಣಿಗಳು ಇವರಿಗೆ ನಿಷಿದ್ಧವಲ್ಲ. ಗೋಧಿಯೊಡನೆ ಬೆರೆಯದಂತೆ ಹಸನು ಮಾಡಿ ಬೀಸಿಸಿದರಾಯಿತು. ನಮ್ಮ ನೆರೆಯ ಮಹಾರಾಷ್ಟ್ರೀಯರು ಚೌತಿಗೆ ಅಕ್ಕಿಹಿಟ್ಟಿನಲ್ಲಿ ಕಾಯಿಬೆಲ್ಲದ ಹೂರಣವಿಟ್ಟು ಹಬೆಯಲ್ಲಿ ಬೇಯಿಸುವ ಮೋದಕವೂ ನಮ್ಮ ಅಕ್ಕಿಯ ಕಡುಬೂ ಇವರ ಪಾಲಿಗೆ ವರಪ್ರಸಾದ.

ಅನ್ನದಲ್ಲಿ ಅಡಗಿದ ವಾತಾಪಿ

ಮಗುವಿಗೆ ಉಣಿಸಿ ಹೊಟ್ಟೆ ಸವರುತ್ತ ಅಗಸ್ತ್ಯರನ್ನೂ ವಾತಾಪಿಯನ್ನೂ ಸ್ಮರಿಸುವ ಪದ್ಧತಿ ನಮ್ಮಲ್ಲಿದೆ. ಇಲ್ವಲನು ತನ್ನ ತಮ್ಮ ವಾತಾಪಿಯನ್ನು ಅತಿಥಿಯ ಊಟದಲ್ಲಿ ಅಡಗಿಸಿ ಬಡಿಸುತ್ತಿದ್ದ. ಉಂಡವರ ಹೊಟ್ಟೆಯನ್ನು ಸೀಳಿ ವಾತಾಪಿ ಹೊರಬರುತ್ತಿದ್ದ. ಆ ಕಥೆಯ ಭಯಾನಕತೆ ಇರುವುದು ರಾಕ್ಷಸನಲ್ಲಿ ಅಲ್ಲ, ಉಣ್ಣುವವನಿಗೆ ಒಳಗೇನಿದೆಯೆಂದು ತಿಳಿಯದಿರುವುದರಲ್ಲಿ. ಇಂದಿನ ಅಂಗಡಿಯ ಸಿಹಿಯಲ್ಲಿ ವಾತಾಪಿಯಂತೆ ಅಡಗಿ ಬರುವವು ಅನೇಕ.

ಕಚೇರಿಯಿಂದ ರಾತ್ರಿ ಎಂಟರ ಲೋಕಲಿನಲ್ಲಿ ನಜ್ಜುಗುಜ್ಜಾಗಿ ಬಂದಿಳಿಯುವ ಗೃಹಿಣಿಗೆ ನಿಲ್ದಾಣದ ಹೊರಗೆ ಜೋಡಿಸಿಟ್ಟ ಸಿಹಿಯ ಡಬ್ಬಿಯೇ ಆಸರೆ. ಆಕೆಯನ್ನು ನಾವು ದೂರುವುದಿಲ್ಲ. ಆದರೆ ಡಬ್ಬಿಯೊಳಗಿನದನ್ನು ತಿಳಿಯದೆ ಕೊಳ್ಳಬಾರದು. ನಮ್ಮ ದೇಶದ ನಿಯಮಗಳಲ್ಲಿ ಟಾರ್ಟ್ರಾಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್, ಪೊನ್ಸೋ 4ಆರ್ ಮೊದಲಾದ ಕೆಲವು ಕೃತಕ ಬಣ್ಣಗಳಿಗೆ ಪರವಾನಗಿಯಿದೆ. ಸಿಹಿತಿಂಡಿಗಳಲ್ಲಿ ಕಿಲೋಗ್ರಾಮಿಗೆ 100 ಮಿಲಿಗ್ರಾಂ ಮೀರಕೂಡದೆಂಬ ಮಿತಿಯೂ ಇದೆ. ಬಹುಮಂದಿಗೆ ಇವುಗಳಿಂದ ಏನೂ ಆಗುವುದಿಲ್ಲ. ಆದರೆ ಹಳದಿ ಬಣ್ಣದ ಟಾರ್ಟ್ರಾಜಿನ್ ಕೆಲವರಲ್ಲಿ ಗಂಧೆಗಳನ್ನು ಎಬ್ಬಿಸುತ್ತದೆ. ಈಗ ಹೆಸರಿಸಿದ ನಾಲ್ಕೂ ಸೇರಿದಂತೆ ಆರು ಬಣ್ಣಗಳಿರುವ ಆಹಾರದ ಪೊಟ್ಟಣಗಳ ಮೇಲೆ, ಮಕ್ಕಳ ಚಟುವಟಿಕೆ ಹಾಗೂ ಏಕಾಗ್ರತೆಯ ಮೇಲೆ ದುಷ್ಪರಿಣಾಮವಾಗಬಹುದೆಂಬ ಎಚ್ಚರಿಕೆಯನ್ನು ಐರೋಪ್ಯ ಒಕ್ಕೂಟವು 2010ರಿಂದ ಕಡ್ಡಾಯ ಮಾಡಿದೆ. ಇದು ಪರವಾನಗಿಯಿರುವ ಬಣ್ಣಗಳ ಮಾತು. ಪರವಾನಗಿಯೇ ಇಲ್ಲದ ಮೆಟಾನಿಲ್ ಯೆಲ್ಲೋ ಎಂಬ ಹಳದಿಯು ಲಾಡು, ಜಿಲೇಬಿ, ಬೇಳೆಗಳಲ್ಲಿ ಸಿಕ್ಕಿಬೀಳುತ್ತಲೇ ಇರುತ್ತದೆ. ಕನ್ನಡನಾಡಿನ ಜಾತ್ರೆಗಳಲ್ಲಿ ನಾವಿರುವ ಊರಿನ ಹೆಸರನ್ನೇ ಹೊತ್ತ ಬೊಂಬಾಯಿ ಮಿಠಾಯಿಯಿದೆಯಲ್ಲ, ಅದಕ್ಕೆ ರೊಡಮಿನ್-ಬಿ ಎಂಬ ಬಟ್ಟೆಯ ಬಣ್ಣವನ್ನು ಬಳಸುವುದನ್ನು ಕರ್ನಾಟಕ ಸರ್ಕಾರವು 2024ರ ಮಾರ್ಚ್ ತಿಂಗಳಿನಲ್ಲಿ ನಿಷೇಧಿಸಬೇಕಾಯಿತು.

ಬಣ್ಣದ ಹೊರತಾಗಿಯೂ ಅಡಗುವವುಗಳಿವೆ. ಬಂಗಾರದ ಬಣ್ಣ ಮಾಸದಿರಲೆಂದು ಕೆಲವು ಒಣದ್ರಾಕ್ಷಿಗಳಿಗೆ ಗಂಧಕದ ಹೊಗೆಯನ್ನು ಕೊಡುತ್ತಾರೆ. ಅದರಿಂದ ಉಳಿಯುವ ಸಲ್ಫೈಟ್ ಉಬ್ಬಸವುಳ್ಳ ಕೆಲವರಿಗೆ ಆಗದು. ಬೆಲ್ಲವನ್ನು ಬೆಳ್ಳಗೆ ಕಾಣಿಸಲು ‘ಹೈಡ್ರೋಸ್’ ಹಾಕುವುದುಂಟು; ಆದ್ದರಿಂದ ಕಪ್ಪು ಬೆಲ್ಲವನ್ನು ನೋಡಿ ಮೂಗು ಮುರಿಯಬೇಡಿರಿ. ಎಲ್ಲಕ್ಕಿಂತ ವಿಚಿತ್ರವಾದದ್ದು ಇಂಗಿನ ವಿಷಯ. ಈರುಳ್ಳಿ ಬೆಳ್ಳುಳ್ಳಿಗಳಿಲ್ಲದ ನಮ್ಮ ಅಡುಗೆಗೆ ಇಂಗೇ ಜೀವಾಳ. ಅಂಗಡಿಯಲ್ಲಿ ಸಿಗುವ ಇಂಗಿನಪುಡಿಯು ಶುದ್ಧ ಇಂಗಲ್ಲ. ಅಂಟನ್ನೂ ಹಿಟ್ಟನ್ನೂ ಬೆರೆಸಿ ಮಾಡಿದ್ದು, ಆ ಹಿಟ್ಟು ಅನೇಕ ಸಲ ಗೋಧಿಯದೇ ಆಗಿರುತ್ತದೆ. ಗೋಧಿ ಬಿಟ್ಟ ಸೀಲಿಯಾಕ್ ರೋಗಿಗೆ ಬರಿಯ ಅನ್ನ, ಸಾರನ್ನೇ ಬಡಿಸಿದರೂ ಒಗ್ಗರಣೆಯ ಮೂಲಕ ಗೋಧಿಯು ಒಳಗೆ ಹೋಗುತ್ತದೆ. ಅಕ್ಕಿಹಿಟ್ಟು ಬೆರೆಸಿದ ಇಂಗೂ ಸಿಗುತ್ತದೆ. ಡಬ್ಬಿಯ ಮೇಲಿನ ಅಕ್ಷರಗಳನ್ನು ಓದಿ ಕೊಳ್ಳಬೇಕು.

ಓದುವುದಕ್ಕೆ ಈಗ ಆಧಾರವೂ ಇದೆ. 2020ರ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲೆ ಗ್ಲುಟೆನ್ ಇರುವ ಧಾನ್ಯ, ಹಾಲು, ಶೇಂಗಾ, ಗೋಡಂಬಿ ಬಾದಾಮಿಯಂಥ ಬೀಜಗಳು, ಸೋಯಾ, ಕಿಲೋಗ್ರಾಮಿಗೆ 10 ಮಿಲಿಗ್ರಾಮಿಗೆ ಕಡಿಮೆಯಿಲ್ಲದ ಸಲ್ಫೈಟ್ ಇವು ಇದ್ದರೆ ಪ್ರತ್ಯೇಕವಾಗಿ ತಿಳಿಸಬೇಕು. ಟಾರ್ಟ್ರಾಜಿನ್ನಿಗೆ 102, ಸನ್‌ಸೆಟ್ ಯೆಲ್ಲೋಗೆ 110, ಕಾರ್ಮೋಸಿನ್ನಿಗೆ 122, ಪೊನ್ಸೋಗೆ 124 ಎಂಬ ಸಂಖ್ಯೆಗಳಿವೆ. ಸಹಸ್ರನಾಮವನ್ನು ಕಂಠಪಾಠ ಮಾಡಿದ ನಮ್ಮ ಗೃಹಿಣಿಯರಿಗೆ ನಾಲ್ಕು ಸಂಖ್ಯೆಗಳನ್ನು ನೆನಪಿಡುವುದು ಕಷ್ಟವಲ್ಲ. ಹಸಿರು ಚುಕ್ಕೆಯು ಪದಾರ್ಥವು ಸಸ್ಯಾಹಾರವೆಂದಷ್ಟೇ ಹೇಳುತ್ತದೆ. ಅದು ನಿರುಪದ್ರವವೆಂದಾಗಲಿ, ನೈವೇದ್ಯಕ್ಕೆ ಯೋಗ್ಯವೆಂದಾಗಲಿ ಹೇಳುವುದಿಲ್ಲ.

ಮಡಿಯ ಮನೆಗೆ ಇದು ಹೊಸ ವಿದ್ಯೆಯಲ್ಲ

ಶೇಂಗಾ ಹುರಿದ ಬಾಣಲೆಯಲ್ಲಿಯೇ ಅವಲಕ್ಕಿ ಹುರಿದರೆ, ಪೂರಿ ಕರಿದ ಎಣ್ಣೆಯಲ್ಲಿಯೇ ಅಕ್ಕಿಸಂಡಿಗೆ ಕರಿದರೆ, ಪಾಯಸದ ಸೌಟನ್ನು ಸಾರಿಗೆ ಹಾಕಿದರೆ ಆಗದ ಪದಾರ್ಥವು ಆಗುವ ಪದಾರ್ಥದೊಳಗೆ ಸೇರುತ್ತದೆ. ವೈದ್ಯರು ಇದನ್ನು ವಿವರಿಸಿದಾಗ ಎಷ್ಟೋ ಮನೆಗಳಲ್ಲಿ ಇದು ಅತಿಯಾಯಿತೆಂದು ನಗುತ್ತಾರೆ. ನಮ್ಮವರು ನಗಲಾರರು. ಮುಸುರೆ ಮುಟ್ಟಿದ ಕೈಯನ್ನು ತೊಳೆಯದೆ ಉಪ್ಪಿನಕಾಯಿಯ ಭರಣಿಯನ್ನು ಮುಟ್ಟದವರು ನಾವು. ಅನ್ನದ ಸೌಟು ಬೇರೆ, ಹಾಲಿನ ಪಾತ್ರೆ ಬೇರೆ, ಮಡಿಯ ನೀರು ಬೇರೆ ಎಂದು ತಲೆತಲಾಂತರದಿಂದ ಪಾಲಿಸಿದವರು. ಕಣ್ಣಿಗೆ ಕಾಣದ ಸಂಪರ್ಕವೂ ಸಂಪರ್ಕವೇ ಎಂಬುದು ನಮ್ಮ ಅಡುಗೆಮನೆಯ ಮೊದಲನೆಯ ಪಾಠ. ಅದೇ ಪಾಠವನ್ನು ರೋಗಿಯ ಎಲೆಗೂ ಅನ್ವಯಿಸಬೇಕು. ಮಡಿಯಲ್ಲಿ ಅವನ ಪಾಲನ್ನು ಮೊದಲು ಮಾಡಿ, ಬೇರೆ ಪಾತ್ರೆಯಲ್ಲಿ ಮುಚ್ಚಿಟ್ಟು, ಆಮೇಲೆ ಉಳಿದ ಅಡುಗೆಗೆ ಕೈಹಾಕಿದರೆ ಒಂದೇ ಒಲೆಯ ಮನೆಯಲ್ಲಿಯೂ ಇದು ಸಾಧ್ಯ.

ಬಡಿಸುವವರ ಧರ್ಮ, ಉಣ್ಣುವವರ ಧರ್ಮ

ಅನ್ನವನ್ನು ನಿಂದಿಸಬಾರದೆಂಬುದು ಉಪನಿಷತ್ತು ಹೇಳುವ ವ್ರತ. ಆದುದರಿಂದ ಉಣ್ಣುವವರು ‘ಛೇ, ಇದರಲ್ಲಿ ಅದಿದೆ, ಇದಿದೆ’ ಎಂದು ಮುಖ ಸಿಂಡರಿಸಬಾರದು. ಪ್ರಸಾದವನ್ನು ಕೈಯೊಡ್ಡಿ ಪಡೆದು, ಕಣ್ಣಿಗೊತ್ತಿಕೊಂಡು, ತಿನ್ನಲಾಗುವ ಮನೆಯವರಿಗೆ ಕೊಡಬಹುದು. ಮುಟ್ಟಿದರೂ ಆಗದವರ ಪರವಾಗಿ ಮನೆಯವರೇ ಕೈಯೊಡ್ಡಲಿ. ಆಮಂತ್ರಣ ಬಂದ ದಿನವೇ ತಮಗಾಗದ ಪದಾರ್ಥವನ್ನು ವಿನಯದಿಂದ ತಿಳಿಸಲಿ. ಎಲೆಯ ಮುಂದೆ ಕುಳಿತ ಮೇಲೆ ಹೇಳಿ ಗೃಹಿಣಿಯನ್ನು ಪೇಚಿಗೆ ಸಿಲುಕಿಸುವುದು ಬೇಡ. ಯಾರೋ ಹೇಳಿದರೆಂದು ವೈದ್ಯರ ಪರೀಕ್ಷೆಯಿಲ್ಲದೆ ಮಕ್ಕಳಿಗೆ ಹಾಲನ್ನೋ ಗೋಧಿಯನ್ನೋ ಬಿಡಿಸುವುದೂ ತಪ್ಪೇ. ಬೆಳೆಯುವ ದೇಹಕ್ಕೆ ಅನ್ನವು ಔಷಧವೆಂಬ ಮಾತನ್ನೂ ಮರೆಯಬಾರದು.

ಬಡಿಸುವವರ ಧರ್ಮವು ಇದಕ್ಕಿಂತ ದೊಡ್ಡದು. ಉಪಚಾರವು ನಮ್ಮ ಪಂಕ್ತಿಯ ಸೊಬಗು. ಆದರೆ ಉಪಚಾರವು ಆಣೆಯಾಗಬಾರದು. ಒಮ್ಮೆ ಬೇಡವೆಂದವರನ್ನು ಕಾರಣ ಕೇಳಿ ಹತ್ತು ಜನರ ಎದುರಿಗೆ ನಿಲ್ಲಿಸಬಾರದು. ಯಾರಾದರೂ ‘ಇದರಲ್ಲಿ ಏನಿದೆ?’ ಎಂದು ಕೇಳಿದರೆ ಅವಮಾನವೆಂದು ಬಗೆಯದೆ ಇದ್ದದ್ದನ್ನು ಇದ್ದಂತೆ ಹೇಳಬೇಕು; ತಿಳಿಯದಿದ್ದರೆ ತಿಳಿಯದೆನ್ನಬೇಕು. ಇಲ್ವಲನಿಗೂ ಅನ್ನದಾತನಿಗೂ ಇರುವ ವ್ಯತ್ಯಾಸ ಅಷ್ಟೇ. ದೀಪಾವಳಿಯಲ್ಲಿ ನೆರೆಹೊರೆಯವರೊಡನೆ ತಟ್ಟೆಗಳನ್ನು ಬದಲಾಯಿಸುವಾಗಲೂ ಇದನ್ನು ನೆನಪಿಡಿರಿ.

ಶ್ರೀಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಭೋಜನರಸವಿಭಾಗಸಂಧಿಯೆಂಬ ಒಂದು ಸಂಧಿಯೇ ಇದೆ. ಎಲೆಯ ಮೇಲಿನ ಒಂದೊಂದು ಪದಾರ್ಥದಲ್ಲಿಯೂ ಭಗವಂತನ ರೂಪಗಳನ್ನು ಚಿಂತಿಸುವ ಕ್ರಮವನ್ನು ದಾಸಾರ್ಯರು ಅಲ್ಲಿ ತೋರಿಸಿದ್ದಾರೆ. ಉಣ್ಣುವವನ ಒಳಗೂ ಅದೇ ಭಗವಂತನಿದ್ದಾನೆ. ಪದಾರ್ಥದಲ್ಲಿರುವ ಹರಿಯನ್ನು ಗೌರವಿಸುವ ಭರದಲ್ಲಿ ಮಗುವಿನಲ್ಲಿರುವ ಹರಿಯನ್ನು ನೋಯಿಸುವುದು ಯಾವ ಪೂಜೆ? ತೀರ್ಥ, ತುಲಸಿ, ಹೂವು, ಗಂಧ, ಅಕ್ಷತೆಗಳೂ ಪ್ರಸಾದವೇ. ಎಲೆ, ಹೂವು, ಹಣ್ಣು, ನೀರು ಇಷ್ಟನ್ನು ಭಕ್ತಿಯಿಂದ ಕೊಟ್ಟರೆ ಸಾಕೆಂದವನು ಸ್ವಾಮಿ. ಬಣ್ಣದ ಬರ್ಫಿಯನ್ನು ಅವನು ಎಲ್ಲಿಯೂ ಕೇಳಿಲ್ಲ. ದ್ವಾರಕಾಧೀಶನಾಗಿದ್ದಾಗಲೂ ಅವನು ಸುದಾಮನ ಸೆರಗಿನಿಂದ ಕಿತ್ತು ತಿಂದದ್ದು ಒಂದು ಹಿಡಿ ಅವಲಕ್ಕಿಯನ್ನು.

ಆ ತಾಯಿ ಮೊನ್ನೆ ಮತ್ತೆ ಬಂದಿದ್ದರು. ಈ ಅಷ್ಟಮಿಗೆ ನಮ್ಮ ಶಾಖೆಯಲ್ಲಿ ಪ್ರಸಾದದ ಪಾತ್ರೆಗಳ ಮುಂದೆ ಅವುಗಳಲ್ಲಿರುವ ಪದಾರ್ಥಗಳ ಚೀಟಿ ಇಡುವುದಾಗಿಯೂ, ಬೇರೆ ಪಾತ್ರೆಯಲ್ಲಿ ಕಾಯಿ, ಬೆಲ್ಲ ಕಲಸಿದ ಬರಿಯ ಅವಲಕ್ಕಿಯನ್ನು ನೈವೇದ್ಯ ಮಾಡಿ ಪ್ರತ್ಯೇಕವಾಗಿ ಹಂಚುವುದಾಗಿಯೂ ತಿಳಿಸಿದೆವು. ಮಗನು ಪಕ್ಕದಲ್ಲಿಯೇ ನಿಂತಿದ್ದನು. “ಅದರಲ್ಲಿ ಶೇಂಗಾ ಇಲ್ಲವಷ್ಟೆ?” ಎಂದು ತಾನೇ ಕೇಳಿದನು. ಆ ಪ್ರಶ್ನೆಗೆ ನಮಗೆ ಬಹಳ ಸಂತೋಷವಾಯಿತು. ಅದನ್ನು ಕೇಳುವ ಧೈರ್ಯವನ್ನು ಪ್ರತಿಯೊಂದು ಮಗುವಿಗೂ, ತಾಳ್ಮೆಯಿಂದ ಉತ್ತರಿಸುವ ಬುದ್ಧಿಯನ್ನು ಪ್ರತಿಯೊಬ್ಬ ಹಿರಿಯರಿಗೂ ಶ್ರೀಹರಿವಾಯುಗುರುಗಳು ಅನುಗ್ರಹಿಸಲೆಂದು ಪ್ರಾರ್ಥಿಸುತ್ತೇವೆ.

॥ ಶ್ರೀಕೃಷ್ಣಾರ್ಪಣಮಸ್ತು ॥